ಸೋಮವಾರದೊಳಗ ನೂರಕ್ಕ ತರ್ಬೇಕು

“ಶುಗರ್ ಮುನ್ನೂರಾ ಎಂಬತ್ತದ. ಸೋಮವಾರದೊಳಗ ನೂರಕ್ಕ ತರ್ಬೇಕು. ಯಾವ ಗುಳಿಗಿ ಕೊಡ್ತೀರಿ?”

ಬೀದರಿನ ಮೆಡಿಕಲ್ ಅಂಗಡಿಗಳ ಮುಂದೆ ಈ ಮಾತು ಕಿವಿಗೆ ಬೀಳದ ದಿನವಿಲ್ಲ. ಕೇಳುವವರ ದನಿಯಲ್ಲಿ ರೋಗಿಯ ಅಳುಕು ಹುಡುಕಬೇಡಿ. ಗಾಂಧಿಗಂಜಿನಲ್ಲಿ ತೊಗರಿ ದರ ಕುದುರಿಸುವ ಗತ್ತು ಅದು. ನೂರಕ್ಕೆ ಬರದಿದ್ದರೆ ನೂರಾ ಹತ್ತಕ್ಕಾದರೂ ಮಾಡಿಕೊಡಿ ಎಂಬ ಉದಾರತೆಯೂ ಜೊತೆಗಿರುತ್ತದೆ. ಅಂಗಡಿಯವನೂ ವ್ಯವಹಾರ ಬಲ್ಲವ. ಚೀಟಿ ಎಲ್ಲಿ ಎಂದು ಕೇಳಿದರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ. ಅದಕ್ಕೇ “ಇದೊಂದು ಮುಂಜಾನಿ, ಇದೊಂದು ಸಂಜಿಕ್ಕ, ಊಟಕ್ಕ ಮೊದಲು” ಎಂದು ಕತ್ತರಿಯಿಂದ ಪಟ್ಟಿ ಕತ್ತರಿಸಿ ಕೊಡುತ್ತಾನೆ. ಮೇಲಿನ ಮಾತು ಕಿವಿಗೆ ಬಿದ್ದದ್ದು ಗುರುವಾರ. ಸೋಮವಾರಕ್ಕೆ ನಾಲ್ಕು ದಿನ.

ಈ ಮುನ್ನೂರಾ ಎಂಬತ್ತು ನಿನ್ನೆ ರಾತ್ರಿ ಬಂದದ್ದಲ್ಲ. ಎಂಟು ಹತ್ತು ವರ್ಷ ಪುರುಸೊತ್ತಿನಿಂದ ಏರಿದೆ. ನೂರಾ ಎಂಬತ್ತಿದ್ದಾಗ ಲ್ಯಾಬಿನವನ ಮಷೀನು ಕೆಟ್ಟಿತ್ತು. ಇನ್ನೂರಾ ಇಪ್ಪತ್ತಾದಾಗ ಹಿಂದಿನ ದಿನ ಬೀಗರ ಮನೆಯ ಹೋಳಿಗೆ ಊಟವಿತ್ತು. ಇನ್ನೂರಾ ಎಂಬತ್ತಕ್ಕೆ “ನಮ್ಮ ಮನ್ಯಾಗ ಎಲ್ಲರಿಗೂ ಅದರಿ, ನಮ್ಮಪ್ಪಗ ಭಿ ಇತ್ತು, ಏನೂ ಆಗಿಲ್ಲ” ಎಂಬ ಸಮಾಧಾನ ಬಂತು. ಅಪ್ಪ ಐವತ್ತೆರಡಕ್ಕೇ ತೀರಿಕೊಂಡ ಸಂಗತಿ ಈ ಸಮಾಧಾನದಲ್ಲಿ ಬರುವುದಿಲ್ಲ. ಹತ್ತು ವರ್ಷ ಯಾರಿಗೂ ಅವಸರವಿರಲಿಲ್ಲ. ಈಗ ನಾಲ್ಕು ದಿನದಲ್ಲಿ ಲೆಕ್ಕ ಚುಕ್ತಾ ಆಗಬೇಕು.

ಅಂಕಿ ಸಂಖ್ಯೆ ತಿಳಿಯದ ಜನ ಎಂದು ಇವರನ್ನು ಅನ್ನುವಂತಿಲ್ಲ. ಜಿಲ್ಲೆಯಲ್ಲಿ ಹಳ್ಳಿಖೇಡದ ಬಿಎಸ್‌ಎಸ್‌ಕೆ ಇದೆ, ಇಮಾಮಪುರದ ನಾರಂಜಾ ಇದೆ, ಭಾಲ್ಕಿ ತಾಲ್ಲೂಕಿನ ಹುಣಜಿಯಲ್ಲಿ ಮಹಾತ್ಮ ಗಾಂಧಿ ಹೆಸರಿನ ಸಹಕಾರಿ ಕಾರ್ಖಾನೆ ಇದೆ. ಕಬ್ಬು ಬೆಳೆದವನನ್ನು ನಿಲ್ಲಿಸಿ ಕೇಳಿ: ಕೇಂದ್ರ ಸರ್ಕಾರ ಕಬ್ಬಿನ ದರ ಕಟ್ಟುವುದು ಶೇ 10.25 ಇಳುವರಿಯ ಮೇಲೆ, ಅದಕ್ಕಿಂತ 0.1 ಹೆಚ್ಚಿದರೂ ಹೆಚ್ಚಿನ ದುಡ್ಡು ಬರಬೇಕು, ಕಾರ್ಖಾನೆಯವರು ಇಳುವರಿ ಕಡಿಮೆ ತೋರಿಸುತ್ತಾರೆ ಎಂದು ದಶಮಾಂಶ ಸಮೇತ ಜಗಳಕ್ಕೆ ನಿಲ್ಲುತ್ತಾನೆ. ಕಬ್ಬಿನೊಳಗಿನ ಸಕ್ಕರೆಯ 10.25ಕ್ಕೆ ತಹಶೀಲ್ದಾರರ ಕಚೇರಿಯ ಮುಂದೆ ಧರಣಿ ಕೂಡುತ್ತಾನೆ. ಅದೇ ಮನುಷ್ಯನ ರಕ್ತದ ಮೂರು ತಿಂಗಳ ಟೆಸ್ಟ್, ಅಂದರೆ ಎಚ್‌ಬಿಎ1ಸಿ, 10.25 ಎಂದು ಬಂದರೆ ಆ ಕಾಗದ ಮಡಚಿ ಪಹಣಿಯ ಚೀಲದಲ್ಲಿ ಸೇರುತ್ತದೆ. ಹಗಲೂ ರಾತ್ರಿ ಸರಾಸರಿ 250ರ ಸುತ್ತ ಸಕ್ಕರೆ ಓಡುತ್ತಿದೆ ಎಂದು ಆ ಕಾಗದ ಹೇಳುತ್ತಿರುತ್ತದೆ. ಸಂಘಟನೆ ಇಲ್ಲದ ಕಾರಣ ಈ ಇಳುವರಿಯ ಬಗ್ಗೆ ಧರಣಿ ನಡೆಯುವುದಿಲ್ಲ.

ಐಸಿಎಂಆರ್ ನಡೆಸಿದ ದೇಶವ್ಯಾಪಿ ಅಧ್ಯಯನ 2023ರಲ್ಲಿ ಪ್ರಕಟವಾದಾಗ ಭಾರತದಲ್ಲಿ 10.1 ಕೋಟಿ ಮಂದಿಗೆ ಮಧುಮೇಹ ಇದೆ ಎಂಬ ಲೆಕ್ಕ ಸಿಕ್ಕಿತು. ಇನ್ನೂ 13.6 ಕೋಟಿ ಜನ ಹೊಸ್ತಿಲಲ್ಲಿ ನಿಂತಿದ್ದಾರೆ. ಇಷ್ಟು ಜನಕ್ಕೆ ಒಂದೇ ಸಲ ಅವಸರ ಹುಟ್ಟಿದರೆ ಏನಾದೀತು ಎಂದು ಯೋಚಿಸಿದ್ದೇನೆ. ಸದ್ಯ, ಹಾಗೆ ಹುಟ್ಟುವುದಿಲ್ಲ. ಅದು ಒಬ್ಬೊಬ್ಬರಿಗೆ ಒಂದೊಂದು ಮುಹೂರ್ತದಲ್ಲಿ ಬರುತ್ತದೆ.

ಮುಹೂರ್ತಗಳು ಇವು. ಮೋತಿಬಿಂದಿನ, ಅಂದರೆ ಕಣ್ಣಿನ ಪೊರೆಯ, ಆಪರೇಷನ್ ಕ್ಯಾಂಪು ಶನಿವಾರ, ಶುಗರ್ ಇಳಿಯದಿದ್ದರೆ ಪಟ್ಟಿಯಿಂದ ಹೆಸರು ತೆಗೆಯುತ್ತಾರೆ. ಮಗಳ ಲಗ್ನ ಹದಿನೈದು ದಿನಕ್ಕೆ ಬಂದಿದೆ, ಊಟದ ದಿನ ಬಾಯಿ ಕಟ್ಟಿಕೊಂಡು ಕೂಡಲಾಗದು, ಆದ್ದರಿಂದ ಮೊದಲೇ ಇಳಿಸಿಟ್ಟುಕೊಂಡರೆ ತಿನ್ನಲು ಜಾಗವಾದೀತು. ವಿಮೆಯವರ ತಪಾಸಣೆ ಬುಧವಾರ. ಅಥವಾ ಓಣಿಯಲ್ಲಿ ತನ್ನ ವಯಸ್ಸಿನವನೇ ಒಬ್ಬ ಎದೆನೋವಿನಿಂದ ಹೋಗಿದ್ದಾನೆ. ಅವನ ಮೂರನೇ ದಿನದ ಕಾರ್ಯ ಮುಗಿಸಿ ಬರುವಾಗ ಇವನು ನೇರವಾಗಿ ಲ್ಯಾಬಿಗೆ ಹೋಗಿ ಕೈಚಾಚಿದ್ದಾನೆ. ಈ ಕೊನೆಯ ಅವಸರಕ್ಕೆ ಆಯುಷ್ಯ ಎಂಟು ದಿನ.

ವೈದ್ಯರ ಕಡೆಗೂ ಒಂದು ಮಾರುಕಟ್ಟೆ ಇದೆ. ಎಂಟು ದಿನದಲ್ಲಿ 380 ಅನ್ನು 130ಕ್ಕೆ ಇಳಿಸಿದವರಿಗೆ ನಮ್ಮಲ್ಲಿ ಕೈಗುಣ ಇದೆ ಎನ್ನುತ್ತಾರೆ. “ಮೂರು ತಿಂಗಳು ಕೊಡಿ, ಮೆಟ್‌ಫಾರ್ಮಿನ್‌ನಿಂದ ಶುರು ಮಾಡೋಣ, ಮೆಲ್ಲಗೆ ಹೆಚ್ಚಿಸೋಣ, ಮೊದಲು ಕಣ್ಣು ತೋರಿಸಿಕೊಂಡು ಬನ್ನಿ” ಅಂದವರಿಗೆ ಕೈಗುಣ ಇಲ್ಲ. ಅಂಥ ವೈದ್ಯರ ಬಾಗಿಲಲ್ಲಿ ಚಪ್ಪಲಿ ಕಡಿಮೆ. ಒಂದು ವಾರದಲ್ಲಿ ಅಂಕಿ ಬೀಳದಿದ್ದರೆ ಅದೇ ಫೈಲು ಹಿಡಿದು ರೋಗಿ ಎದುರಿನ ದವಾಖಾನೆಯ ಮೆಟ್ಟಿಲು ಹತ್ತುತ್ತಾನೆ ಎಂದು ಗೊತ್ತಿರುವ ವೈದ್ಯರು ಏನು ಮಾಡಬೇಕು? ಮೊದಲ ದಿನವೇ ಮೂರು ಬಗೆಯ ಗುಳಿಗೆ, ಮೇಲೊಂದು ಸೂಜಿ. ವಿಜ್ಞಾನ ಅವರಿಗೂ ಗೊತ್ತಿದೆ. ಗಲ್ಲಿಯ ವಿಜ್ಞಾನ ಇನ್ನೂ ಚೆನ್ನಾಗಿ ಗೊತ್ತಿದೆ.

ಔರಾದಿನ ಕಥೆಯೇ ಬೇರೆ. ರಾಜ್ಯದ ನಕ್ಷೆಯಲ್ಲಿ ಎಲ್ಲಕ್ಕಿಂತ ಮೇಲೆ ಕೂತ ತಾಲ್ಲೂಕು ಇದು. ಬೀದರಿನಿಂದ ಪರಳಿಗೆ ಹೋಗುವ ಹಳಿ ಭಾಲ್ಕಿ, ಕಮಲನಗರ, ಉದಗೀರ ಎಂದು ಹಾದುಹೋಗುತ್ತದೆ, ಔರಾದ್ ಪಟ್ಟಣದ ಕಡೆ ತಿರುಗಿಯೂ ನೋಡುವುದಿಲ್ಲ. ನಾಂದೇಡಕ್ಕೆ ಹಳಿ ಹಾಕುತ್ತೇವೆ ಎಂಬ ಮಾತನ್ನು ಇಲ್ಲಿನವರು ಪ್ರತಿ ಚುನಾವಣೆಯಲ್ಲೂ ಕೇಳುತ್ತಾರೆ. ಕಾಯಿಲೆ ಬಿದ್ದರೆ ಒಬ್ಬರು ಉದಗೀರಕ್ಕೆ, ಒಬ್ಬರು ದೇಗಲೂರಿಗೆ, ದುಡ್ಡಿದ್ದವರು ಹೈದರಾಬಾದಿಗೆ. ಮರಾಠಿಯಲ್ಲಿ ಹೇಳಿದ ಪಥ್ಯ, ತೆಲುಗಿನಲ್ಲಿ ಹೇಳಿದ ಡೋಸು, ಇಂಗ್ಲಿಷಿನಲ್ಲಿ ಬರೆದ ಚೀಟಿ, ಕನ್ನಡದಲ್ಲಿ ಬರುವ ಅನುಮಾನ. ಆರು ತಿಂಗಳಿಗೊಮ್ಮೆ ಅಷ್ಟು ದೂರ ಹೋಗುವವನು ಒಂದೇ ಭೇಟಿಯಲ್ಲಿ ಕೆಲಸ ಮುಗಿಯಬೇಕು ಎಂದರೆ ಅವನನ್ನು ಬೈಯುವುದು ನನ್ನಿಂದಾಗದು. ಮೆಲ್ಲಗೆ ಇಳಿಸಬೇಕೆಂದರೆ ಹದಿನೈದು ದಿನಕ್ಕೊಮ್ಮೆ ನೋಡುವವರು ಹತ್ತಿರದಲ್ಲಿರಬೇಕು. ಮೂವತ್ತು ದಾಟಿದ ಎಲ್ಲರ ಬಿಪಿ, ಶುಗರ್ ನೋಡಬೇಕೆಂಬ ಸರ್ಕಾರದ ಕಾರ್ಯಕ್ರಮ ಇದೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಗುಳಿಗೆ ಪುಕ್ಕಟೆ ಇದೆ. ಆದರೆ ಪುಕ್ಕಟೆ ಗುಳಿಗೆಗೆ ಶಕ್ತಿ ಕಡಿಮೆ ಎಂಬುದು ಗಡಿಯ ಮೂರೂ ಕಡೆ, ಎಲ್ಲ ಭಾಷೆಯಲ್ಲೂ ಒಪ್ಪಿತವಾದ ಸಿದ್ಧಾಂತ.

ಈಗ ಆ ಕಡೆಯ ಒಂದು ಹಳ್ಳಿಯ ಆಯಿಯನ್ನು ನೋಡೋಣ. ಹೆಸರು ಬೇಡ, ಇಂಥ ಆಯಿ ಪ್ರತಿ ಊರಲ್ಲಿ ಇದ್ದಾಳೆ. ಎಪ್ಪತ್ತು ದಾಟಿದೆ. ಹಲ್ಲಿಲ್ಲ, ಹಸಿವೆ ಇಲ್ಲ. ಪುಣೆಯಲ್ಲಿರುವ ಮಗ ದಸರೆಗೆ ಬರುತ್ತಾನೆ, ಹೊಸ ಗ್ಲುಕೋಮೀಟರ್ ತಂದಿರುತ್ತಾನೆ, ಆಯಿಯ ಬೆರಳು ಚುಚ್ಚಿ 340 ಎಂದು ಓದಿ ಗಾಬರಿಯಾಗುತ್ತಾನೆ. ವರ್ಷಕ್ಕೊಮ್ಮೆ ಬರುವ ಮಕ್ಕಳ ಪ್ರೀತಿಗೆ ವೇಗ ಜಾಸ್ತಿ. ಮರುದಿನವೇ ಕಾರು, ಮರುದಿನವೇ ದೊಡ್ಡ ದವಾಖಾನೆ, ಗ್ಲಿಮೆಪಿರೈಡ್ ಬೆರೆತ ಗುಳಿಗೆ ದಿನಕ್ಕೆ ಎರಡು ಸಲ. ಹೊರಡುವ ಮುಂಚೆ ಹೆಂಡತಿಗಲ್ಲ, ಊರಲ್ಲಿರುವ ತಮ್ಮನ ಹೆಂಡತಿಗೆ ಕಟ್ಟುನಿಟ್ಟಾಗಿ ಹೇಳುತ್ತಾನೆ: “ಅವ್ವಗ ಸಕ್ರಿ ಮುಟ್ಟಸಬ್ಯಾಡ.”

ಈ ಜಾತಿಯ ಗುಳಿಗೆ, ಅದರ ಅಣ್ಣ ಗ್ಲಿಬೆನ್‌ಕ್ಲಮೈಡ್ ಕೂಡ, ಮೇದೋಜೀರಕ ಗ್ರಂಥಿಯನ್ನು ಹಿಂಡಿ ಇನ್ಸುಲಿನ್ ಹೊರಡಿಸುತ್ತದೆ. ಆಯಿ ಊಟ ಮಾಡಿದಳೋ ಇಲ್ಲವೋ ಎಂದು ಅದು ವಿಚಾರಿಸುವುದಿಲ್ಲ. ವಯಸ್ಸಾದ ಮೂತ್ರಪಿಂಡ ಅದನ್ನು ಹೊರಹಾಕಲು ತಡಮಾಡುತ್ತದೆ. ಮೂರನೇ ರಾತ್ರಿ ಅರ್ಧ ರೊಟ್ಟಿ ತಿಂದು ಮಲಗಿದ ಆಯಿ ಎರಡು ಗಂಟೆಗೆ ಬೆವರಿ ತೊಯ್ದು ಏಳುತ್ತಾಳೆ. ಕೈ ನಡುಗುತ್ತದೆ, ಮಾತು ತೊದಲುತ್ತದೆ, ಸತ್ತುಹೋದ ಗಂಡನ ಹೆಸರು ಹಿಡಿದು ಬೈಯುತ್ತಾಳೆ, ಹತ್ತಿರ ಬಂದವರಿಗೆ ಹೊಡೆಯುತ್ತಾಳೆ. ಸಕ್ಕರೆ 70ರ ಕೆಳಗೆ ಇಳಿದರೆ ಎಚ್ಚರಿಕೆ, 54ರ ಕೆಳಗೆ ಹೋದರೆ ಮಿದುಳಿಗೇ ಉಪವಾಸ. ಮನೆಯವರಿಗೆ ಮಾತ್ರ ಇದು ಗಾಳಿ. ನಿಂಬೆಹಣ್ಣು ಇಳಿಸುತ್ತಾರೆ, ಹಣೆಗೆ ಭಂಡಾರ ಹಚ್ಚುತ್ತಾರೆ, ದೇವರ ಹೆಸರಲ್ಲಿ ಐದೂಕಾಲು ರೂಪಾಯಿ ಕಟ್ಟಿಡುತ್ತಾರೆ. ಮೂರು ಚಮಚ ಸಕ್ಕರೆ, ಅಂದರೆ ಹದಿನೈದು ಗ್ರಾಂ, ನೀರಲ್ಲಿ ಕಲಸಿ ಕುಡಿಸಿದ್ದರೆ ಹದಿನೈದು ನಿಮಿಷದಲ್ಲಿ ಆ ಗಾಳಿ ಇಳಿಯುತ್ತಿತ್ತು. ಡಬ್ಬ ಅಲ್ಲೇ ಗೂಡಿನಲ್ಲಿತ್ತು. ಸೊಸೆ ಒಳ್ಳೆಯವಳು, ಹೇಳಿದ ಮಾತು ಮೀರುವವಳಲ್ಲ. ಮುಟ್ಟಿಸಲಿಲ್ಲ.

ಅಕ್ಕಪಕ್ಕದ ಯಾರೋ ಬಲ್ಲವರು ಬಂದು ಕುಡಿಸಿದರು ಎಂದೇ ಇಟ್ಟುಕೊಳ್ಳಿ. ಆಯಿ ಎಚ್ಚರಾಗುತ್ತಾಳೆ, ಎಲ್ಲರೂ ಮಲಗುತ್ತಾರೆ. ಗುಳಿಗೆ ಮಲಗುವುದಿಲ್ಲ. ನಾಲ್ಕಾರು ತಾಸಿಗೆ ಮತ್ತೆ ಎಳೆಯುತ್ತದೆ. ಹಾಗಾಗಿಯೇ ಇಂಥ ಗುಳಿಗೆಯಿಂದ ಸಕ್ಕರೆ ಬಿದ್ದವರನ್ನು ಒಂದು ದಿನವಾದರೂ ದವಾಖಾನೆಯಲ್ಲಿ ಇಟ್ಟು ನೋಡಬೇಕು. ಪ್ರಜ್ಞೆ ತಪ್ಪಿದವರ ಬಾಯಿಗಂತೂ ನೀರೂ ಹಾಕಬಾರದು, ಎತ್ತಿಕೊಂಡು ಓಡಬೇಕು. ಈ ನಾಲ್ಕು ಸಾಲು ಚೀಟಿಯ ಹಿಂದೆ ಬರೆದುಕೊಡಲು ಎಷ್ಟು ಶಾಯಿ ಬೇಕು ಎಂದು ನಾನು ಲೆಕ್ಕ ಹಾಕಿಲ್ಲ.

ಈ ಅವಸರದಲ್ಲಿ ಇನ್ನೊಂದು ಮಜಾ ಇದೆ. ವರ್ಷಗಟ್ಟಲೆ 400ರಲ್ಲಿ ಇದ್ದ ದೇಹಕ್ಕೆ 400 ಎಂದರೇ ಊರು. ಅದನ್ನು ವಾರದಲ್ಲಿ 130ಕ್ಕೆ ತಂದು ಇಳಿಸಿದರೆ, ಅಂಕಿ ಸರಿಯಿದ್ದರೂ ದೇಹ ಕಳವಳಗೊಂಡು ನಡುಗುತ್ತದೆ, ಬೆವರುತ್ತದೆ. ಕಣ್ಣಿನ ಮಸೂರದೊಳಗಿನ ನೀರಿನ ಲೆಕ್ಕ ಏರುಪೇರಾಗಿ ಓದುವ ಅಕ್ಷರ ಮಸುಕಾಗುತ್ತದೆ. ಕೆಲವು ವಾರದಲ್ಲಿ ತಾನೇ ಸರಿಹೋಗುವ ಮಸುಕು ಅದು. ಅಷ್ಟರಲ್ಲಿ ಮನುಷ್ಯ ಹೊಸ ಚಷ್ಮಾ ಮಾಡಿಸಿಕೊಂಡು, ಆಮೇಲೆ ಅದೂ ಕಾಣದೆ, ಚಷ್ಮಾದ ಅಂಗಡಿಯವನ ಜೊತೆ ಜಗಳ ಮುಗಿಸಿ, “ಗುಳಿಗಿ ತಗೊಂಡ ಮ್ಯಾಲೇ ನನ್ನ ಕಣ್ಣು ಹೋದ್ವು” ಎಂಬ ತೀರ್ಮಾನಕ್ಕೆ ಬಂದಿರುತ್ತಾನೆ. ಗುಳಿಗೆ ಬಂದ್. ಸಕ್ಕರೆ ತಿರುಗಿ 400. ಅಕ್ಷರ ಸ್ಪಷ್ಟ. “ನೋಡ್ರಿ, ಬಿಟ್ಟ ಮ್ಯಾಲ ಆರಾಮಾತು.” ಇವನ ಜೊತೆ ವಾದಕ್ಕೆ ಕೂಡಬೇಡಿ, ಅವನ ಬಳಿ ಪುರಾವೆ ಇದೆ.

ಮಸುಕಿನ ಹಿಂದೆ ನಿಜವಾದ ತಂಟೆಯೂ ಇರುತ್ತದೆ. ಕಣ್ಣಿನ ಹಿಂಪರದೆಯ ರಕ್ತನಾಳಗಳು ಮೊದಲೇ ಹಾಳಾಗಿದ್ದವರಲ್ಲಿ ಸಕ್ಕರೆಯನ್ನು ಧಡಾರನೆ ಇಳಿಸಿದರೆ ಆ ಹಾಳು ಕೆಲಕಾಲ ಹೆಚ್ಚುತ್ತದೆ. ಅಮೆರಿಕದ ಡಿಸಿಸಿಟಿ ಅಧ್ಯಯನ 1993ರಲ್ಲಿ ಮುಗಿಯಿತು. ಅದು ಒಂದನೇ ಬಗೆಯ ಮಧುಮೇಹದವರದು. ಮೊದಲ ಒಂದು ವರ್ಷದಲ್ಲಿ ಬಿಗಿ ಚಿಕಿತ್ಸೆ ಪಡೆದವರಲ್ಲಿ ಶೇ 13.1 ಮಂದಿಯ ಕಣ್ಣು ಕೆಟ್ಟರೆ, ಸಾಧಾರಣ ಚಿಕಿತ್ಸೆಯವರಲ್ಲಿ ಶೇ 7.6 ಮಂದಿಯದು ಮಾತ್ರ ಕೆಟ್ಟಿತ್ತು. ವರ್ಷಗಳು ಉರುಳಿದಂತೆ ಬಿಗಿ ಚಿಕಿತ್ಸೆಯವರ ಕಣ್ಣೇ ಎಷ್ಟೋ ಪಾಲು ಉತ್ತಮವಾಗಿ ಉಳಿಯಿತು ಎಂಬುದು ಅದೇ ಅಧ್ಯಯನದ ಮುಂದಿನ ಅಧ್ಯಾಯ. ಮುಂದಿನ ಅಧ್ಯಾಯದವರೆಗೆ ಓದುವ ತಾಳ್ಮೆ ನಮ್ಮಲ್ಲಿ ಕಡಿಮೆ. ಜಪಾನಿನ ಕಣ್ಣಿನ ವೈದ್ಯರು 2006ರಲ್ಲಿ ಇನ್ನೂ ನೇರವಾದದ್ದನ್ನು ತೋರಿಸಿದರು. ಮೋತಿಬಿಂದಿನ ಆಪರೇಷನ್‌ಗೆಂದು ಅವಸರದಲ್ಲಿ ಸಕ್ಕರೆ ಇಳಿಸಿಕೊಂಡವರಲ್ಲಿ ಆಪರೇಷನ್ ಆದಮೇಲೆ ಹಿಂಪರದೆಯ ರೋಗ ಬೆಳೆದದ್ದೇ ಹೆಚ್ಚು. ನಮ್ಮ ಕ್ಯಾಂಪಿನ ಮುತ್ಯಾ ಮಾತ್ರ ಬುಧವಾರದಿಂದ ಶುಕ್ರವಾರದ ತನಕ ಅನ್ನ ಬಿಟ್ಟು, ಗುಳಿಗೆ ಎರಡು ಪಟ್ಟು ನುಂಗಿ, ಶನಿವಾರ ಪಟ್ಟಿಯಲ್ಲಿ ಹೆಸರು ಉಳಿಸಿಕೊಂಡದ್ದಕ್ಕೆ ಊರೆಲ್ಲ ಶಾಬ್ಬಾಸ್ ಅನ್ನಿಸಿಕೊಂಡು ಬರುತ್ತಾರೆ. ಹಿಂಪರದೆ ನೋಡಿಸಿ ಆಮೇಲೆ ಸಕ್ಕರೆಗೆ ಕೈಹಾಕಿ ಎಂಬ ಮಾತಿಗೆ ಪಟ್ಟಿಯಲ್ಲಿ ಅಂಕಣವೇ ಇಲ್ಲ. ಹೈದರಾಬಾದಿನಿಂದ ಬರುತ್ತಿರುವ ಹೊಸ ಫ್ಯಾಷನ್ನಿನ ವಾರದ ಸೂಜಿ ಸೆಮಾಗ್ಲುಟೈಡ್‌ನ ಅಧ್ಯಯನದಲ್ಲೂ 2016ರಲ್ಲಿ ಇದೇ ಕಣ್ಣಿನ ತಕರಾರು ಕಂಡಿತ್ತು: ಔಷಧಿ ಪಡೆದವರಲ್ಲಿ ಶೇ 3, ಪಡೆಯದವರಲ್ಲಿ ಶೇ 1.8. ಸೂಜಿಯ ತಪ್ಪಿಗಿಂತ ಸಕ್ಕರೆ ಬಿದ್ದ ವೇಗದ ಮೇಲೇ ತಜ್ಞರ ಅನುಮಾನ ಹೆಚ್ಚು.

ಕಾಲಿನ ಕಥೆ ಹಳೆಯದು. ಇನ್ಸುಲಿನ್ ಮೊದಲು ಮನುಷ್ಯನ ಮೈಗೆ ಹೋದದ್ದು 1922ರ ಜನವರಿಯಲ್ಲಿ, ಟೊರಾಂಟೊದಲ್ಲಿ. ಹನ್ನೊಂದೇ ವರ್ಷದಲ್ಲಿ, 1933ರಲ್ಲಿ, ಕ್ಯಾರವಾಟಿ ಎಂಬ ವೈದ್ಯ ಇನ್ಸುಲಿನ್ ಶುರುಮಾಡಿದ ಮೇಲೆ ಕಾಲುಗಳಲ್ಲಿ ತಡೆಯಲಾಗದ ನೋವು ಎದ್ದ ರೋಗಿಯ ವಿವರ ಬರೆದ. ಅಂಗಾಲಿಗೆ ಕೆಂಡ, ಮೈಮೇಲೆ ಹೊದಿಕೆ ತಾಗಿದರೂ ಉರಿ. ಗಿಬನ್ಸ್ ಮತ್ತು ಫ್ರೀಮನ್ ಎಂಬ ನರತಜ್ಞರು 2015ರಲ್ಲಿ ಇದಕ್ಕೆ ಲೆಕ್ಕ ಹಚ್ಚಿದರು. ನರದ ತಕರಾರಿಗೆಂದೇ ತಮ್ಮಲ್ಲಿ ಬಂದ 954 ಮಧುಮೇಹಿಗಳಲ್ಲಿ 104 ಮಂದಿಗೆ ಈ ನೋವು ಸಕ್ಕರೆಯನ್ನು ಬೇಗ ಇಳಿಸಿದ್ದರಿಂದ ಬಂದದ್ದು. ಮೂರು ತಿಂಗಳ ಟೆಸ್ಟಿನ ಅಂಕಿ ಮೂರೇ ತಿಂಗಳಲ್ಲಿ ಎರಡು ಮೂರು ಇಳಿದರೆ ಅಪಾಯ ಶೇ 20, ನಾಲ್ಕಕ್ಕಿಂತ ಹೆಚ್ಚು ಇಳಿದರೆ ಶೇ 80ರ ಮೇಲೆ. ಆಯ್ದ ರೋಗಿಗಳ ಲೆಕ್ಕ ಇದು, ಎಲ್ಲರಿಗೂ ಇಷ್ಟೇ ಎಂದು ಹಿಡಿಯಬಾರದು. ಹನ್ನೆರಡರಿಂದ ಏಳಕ್ಕೆ ಮೂರು ತಿಂಗಳಲ್ಲಿ ತಂದ ಕೈಗುಣದವರ ಭಿತ್ತಿಫಲಕ ನೋಡಿದಾಗೆಲ್ಲ ಮಾತ್ರ ನನಗೆ ಈ ಶೇ 80 ನೆನಪಾಗುತ್ತದೆ.

ಬೇಗ ಇಳಿಸುವ ಚಪಲ ನಮ್ಮೂರಿನದು ಮಾತ್ರ ಎಂದು ನಾಚಬೇಕಾಗಿಲ್ಲ. ಅಮೆರಿಕ, ಕೆನಡಾಗಳಲ್ಲಿ ಅಕಾರ್ಡ್ ಎಂಬ ಅಧ್ಯಯನ ನಡೆಯಿತು. 10,251 ಮಂದಿ, ಎಲ್ಲರೂ ಹಳೆಯ ಎರಡನೇ ಬಗೆಯ ಮಧುಮೇಹಿಗಳು, ಹೃದಯದ ಕಾಯಿಲೆ ಇದ್ದವರು ಅಥವಾ ಅದರ ಅಂಚಿನಲ್ಲಿದ್ದವರು. ಅರ್ಧ ಜನಕ್ಕೆ ಏನಾದರೂ ಮಾಡಿ ಎಚ್‌ಬಿಎ1ಸಿಯನ್ನು ಆರರ ಕೆಳಗೆ ಒಯ್ಯುವ ಗುರಿ. ಔಷಧಿಯ ಮೇಲೆ ಔಷಧಿ ಏರಿಸಿ ಕೆಲವೇ ತಿಂಗಳಲ್ಲಿ 8.1ರಿಂದ ಸುಮಾರು 6.4ಕ್ಕೆ ತಂದರು. ಅಂಕಿ ಚಂದ ಇತ್ತು. 2008ರ ಫೆಬ್ರುವರಿಯಲ್ಲಿ ಆ ಭಾಗವನ್ನು ನಡುವೆಯೇ ನಿಲ್ಲಿಸಬೇಕಾಯಿತು. ಬಿಗಿ ಗುಂಪಿನಲ್ಲಿ 257 ಸಾವು, ಸಡಿಲ ಗುಂಪಿನಲ್ಲಿ 203. ಕಾರಣ ಏನೆಂದು ಪಂಡಿತರು ಇಂದಿಗೂ ಜಗಳಾಡುತ್ತಾರೆ. ಅದೇ ವರ್ಷ ಬಂದ ಅಡ್ವಾನ್ಸ್ ಎಂಬ ಇನ್ನೊಂದು ಅಧ್ಯಯನದಲ್ಲಿ ಸಾವಕಾಶವಾಗಿ 6.5ಕ್ಕೆ ಇಳಿಸಿದರು, ಸಾವು ಹೆಚ್ಚಲಿಲ್ಲ. ಅಷ್ಟು ಕಲಿತ ದೇಶದವರು ಹತ್ತು ಸಾವಿರ ಮಂದಿಯ ಮೇಲೆ ನೋಡಿ ತಿಳಿದದ್ದನ್ನು ಬೀದರಿನ ಉಸ್ಮಾನ್‌ಗಂಜಿನ ಮೆಡಿಕಲ್ ಕೌಂಟರಿನಲ್ಲಿ ನಾವು ಚೀಟಿಯಿಲ್ಲದೆ, ಪುಕ್ಕಟೆ, ದಿನಾ ಪ್ರಯೋಗ ಮಾಡುತ್ತಿದ್ದೇವೆ. ಎಣಿಸುವವರು ಇಲ್ಲ, ಅಷ್ಟೇ ವ್ಯತ್ಯಾಸ.

ಬೀದರಿಗೆ ಪವಾಡದ ನಂಟು ಹಳೆಯದು. ಗುರುನಾನಕರು ಬಂದಾಗ ಇಲ್ಲಿ ಕುಡಿಯುವ ನೀರಿಗೆ ಬರ ಇತ್ತು, ಅವರು ಪಾದದಿಂದ ಕಲ್ಲು ಸರಿಸಿದ ಕಡೆ ಸಿಹಿನೀರಿನ ಝರಿ ಚಿಮ್ಮಿತು ಎಂದು ನಾನಕ್ ಝೀರಾದ ಭಕ್ತರು ನಂಬುತ್ತಾರೆ. ಇಂದಿಗೂ ಹರಿಯುತ್ತಿದೆ ಆ ನೀರು. ಸಿಹಿ ತರುವ ಪವಾಡ ಮುಗಿಯಿತು, ಸಿಹಿ ತೆಗೆಯುವ ಪವಾಡದ ಗುತ್ತಿಗೆ ಮಾತ್ರ ಈಗ ಫ್ಲೆಕ್ಸಿನವರು ಹಿಡಿದಿದ್ದಾರೆ. “15 ದಿನದಲ್ಲಿ ಶುಗರ್‌ನಿಂದ ಮುಕ್ತಿ, ಜಿಲೇಬಿ ತಿನ್ನಿ, ಆಮೇಲೆ ಟೆಸ್ಟ್ ಮಾಡಿಸಿ.” 1954ರ ಔಷಧಿ ಮತ್ತು ಮಾಂತ್ರಿಕ ಪರಿಹಾರಗಳ ಕಾಯಿದೆಯ ಪಟ್ಟಿಯಲ್ಲಿ ಮಧುಮೇಹ ಇದೆ, ಅದನ್ನು ವಾಸಿ ಮಾಡುತ್ತೇವೆಂಬ ಜಾಹೀರಾತೇ ಅಪರಾಧ. ಆ ಫ್ಲೆಕ್ಸಿನ ಕೆಳಗೇ ಪೊಲೀಸ್ ಚೌಕಿ ಇರುತ್ತದೆ, ನೆರಳಿಗೆ ಅನುಕೂಲ. ಪುಡಿಯಲ್ಲಿ ಏನಿದೆ ಎಂದು ಕೇಳಿದರೆ ಹಿಮಾಲಯದ ಬೇರು ಅನ್ನುತ್ತಾರೆ. ಇಂಥ “ನೈಸರ್ಗಿಕ” ಪುಡಿ ಗುಳಿಗೆಗಳೊಳಗೆ ಗ್ಲಿಬೆನ್‌ಕ್ಲಮೈಡ್ ಬೆರೆಸಿದ್ದು ಸಿಂಗಪುರ, ಅಮೆರಿಕಗಳ ಪ್ರಯೋಗಾಲಯಗಳಲ್ಲಿ ಸಿಕ್ಕಿಬಿದ್ದಿದೆ. ಅಂದರೆ ಅಲೋಪಥಿ ಬೇಡವೆಂದು ಓಡಿಬಂದವನು ಅದನ್ನೇ ಡೋಸು ಗೊತ್ತಿಲ್ಲದೆ, ಮೂರು ಪಟ್ಟು ದುಡ್ಡು ಕೊಟ್ಟು ನೆಕ್ಕುತ್ತಿರಬಹುದು. ಬೇರು ಕೆಲಸ ಮಾಡಿತು ಎಂದು ಅವನು ನಾಲ್ಕು ಜನಕ್ಕೆ ಹೇಳುತ್ತಾನೆ.

ಉಪವಾಸದ ಬಳಗ ಇನ್ನೊಂದು. ನಾಳೆ ಟೆಸ್ಟ್ ಎಂದರೆ ಇಂದು ಉಪವಾಸ. ಭಾಲ್ಕಿ, ಔರಾದ್ ಕಡೆ ಉಪವಾಸ ಅಂದರೆ ಸಾಬೂದಾಣಿ ಖಿಚಡಿ, ಶೇಂಗಾ ಉಂಡಿ, ಬಾಳೆಹಣ್ಣು, ಮ್ಯಾಲೊಂದು ಚಹಾ. ಗಡಿಯಾಚೆಯ ಮರಾಠಿಯಲ್ಲಿ “ಏಕಾದಶಿ, ದುಪ್ಪಟ್ ಖಾಶಿ” ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ. ಸಾಬೂದಾಣಿ ಅಪ್ಪಟ ಪಿಷ್ಟ, ಹೊಟ್ಟೆಗೆ ಬಿದ್ದರೆ ಸಕ್ಕರೆ ಆಗಲು ಹೆಚ್ಚು ಹೊತ್ತು ಬೇಡ. ಆದರೂ ಮರುದಿನ ಬರಿಹೊಟ್ಟೆಯ ಟೆಸ್ಟಿನಲ್ಲಿ ಅಂಕಿ ಸ್ವಲ್ಪ ಇಳಿದದ್ದೇ ತಡ, ಗುಳಿಗೆ ಅರ್ಧ ಮಾಡಿಕೊಳ್ಳುತ್ತಾರೆ. ಮುಸ್ಲಿಂ ಓಣಿಗಳಲ್ಲಿ ರೋಜಾ ತಿಂಗಳಲ್ಲಿ ಇದರ ತಲೆಕೆಳಗಿನ ರೂಪ ಕಾಣುತ್ತದೆ: ಬೆಳಗಿನ ಗುಳಿಗೆ ಸೆಹ್ರಿಗೇ ನುಂಗಿ ಹಗಲೆಲ್ಲ ಹಸಿದಿರುವುದು, ಅಸರ್ ನಮಾಜಿನ ಹೊತ್ತಿಗೆ ಕಣ್ಣು ಕತ್ತಲೆ. ರೋಜಾಕ್ಕೆ ಮುಂಚೆ ಡೋಸು ಬದಲಿಸಿಕೊಳ್ಳಬೇಕೆಂದು ಒಂದು ಸಲ ಕೇಳಿದ್ದರೆ ವೈದ್ಯರು ಹೇಳುತ್ತಿದ್ದರು.

ಇಲ್ಲಿಯವರೆಗೆ ಓದಿದ ಕೆಲವರ ಮುಖದಲ್ಲಿ ಕಳೆ ಬಂದಿರುವುದು ನನಗೆ ಕಾಣುತ್ತಿದೆ. ನಿಧಾನ ಇಳಿಸಬೇಕಂತೆ! ಪತ್ರಿಕೆಯಲ್ಲೇ ಬಂದಿದೆ! ಈ ಬರಹವನ್ನು ಕತ್ತರಿಸಿ ಸೊಸೆಗೆ ತೋರಿಸಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುವವರು ಇದ್ದಾರೆ. ಅವರಿಗಾಗಿ ಎರಡು ಮಾತು ಖಾರವಾಗಿ. ವಾಂತಿ, ಏದುಸಿರು, ಮಂಪರು, ಮೂತ್ರದಲ್ಲಿ ಕೀಟೋನ್, ಕಾಲಲ್ಲಿ ಕೊಳೆತ ಹುಣ್ಣು ಇದ್ದರೆ ನಿಧಾನದ ಮಾತೇ ಇಲ್ಲ, ಬೀದರಿನ ಬ್ರಿಮ್ಸ್ ದವಾಖಾನೆಯ ಕಡೆ ಗಾಡಿ ತಿರುಗಿಸಿ. ಅಲ್ಲಿಯೂ ಬಾಟಲಿ ಹಚ್ಚಿ, ಗಂಟೆಗೆ 50ರಿಂದ 75ರಂತೆ ಇಳಿಸುತ್ತಾರೆ. ಮಿದುಳು ಬಾತುಕೊಳ್ಳಬಾರದೆಂದು ತುರ್ತಿನಲ್ಲೂ ಬ್ರೇಕ್ ಮೇಲೆ ಕಾಲಿಟ್ಟಿರುತ್ತಾರೆ. ಬಸುರಿ ಹೆಣ್ಣುಮಗಳಿಗೆ ಸಕ್ಕರೆ ಕಂಡರೆ ಬೇಗ ಹತೋಟಿಗೆ ತರಲೇಬೇಕು, ಒಳಗಿನ ಕೂಸು ಮೂರು ತಿಂಗಳು ಕಾಯುವುದಿಲ್ಲ. ಮೂವತ್ತೈದರ ಹುಡುಗನಿಗೆ ಹೊಸದಾಗಿ ಬಂದಿದ್ದರೆ, ಕಣ್ಣು, ನರ ಗಟ್ಟಿಯಿದ್ದರೆ, ಮೂರರಿಂದ ಆರು ತಿಂಗಳಲ್ಲಿ ಎಚ್‌ಬಿಎ1ಸಿ ಏಳರ ಸುತ್ತ ಬಂದರೆ ಒಳ್ಳೆಯದೇ. 1998ರಲ್ಲಿ ಪ್ರಕಟವಾದ ಬ್ರಿಟನ್ನಿನ ಯುಕೆಪಿಡಿಎಸ್ ಅಧ್ಯಯನ ಇಂಥ ಹೊಸಬರ ಮೇಲೆಯೇ ನಡೆದಿತ್ತು. ಬಿಗಿಯಾಗಿ ನೋಡಿಕೊಂಡವರಲ್ಲಿ ಕಣ್ಣು, ಮೂತ್ರಪಿಂಡಗಳ ತೊಂದರೆ ಶೇ 25 ಕಡಿಮೆಯಾಯಿತು, ಹತ್ತು ವರ್ಷದ ಮೇಲೂ ಆ ಲಾಭ ಉಳಿದಿತ್ತು. ಮೆಲ್ಲಗೆ ಇಳಿಸಿ ಎಂದದ್ದು ಹಳೆಯ ರೋಗಿಗೆ, ಹಾಳಾದ ಕಣ್ಣಿನವನಿಗೆ, ಒಬ್ಬಳೇ ಮಲಗುವ ಆಯಿಗೆ. ಆಯಿಗೆ ಎಂಟು ಬಂದರೂ ಸಾಕು ಎಂದು ವೈದ್ಯಶಾಸ್ತ್ರವೇ ಒಪ್ಪುತ್ತದೆ. ಮೆಲ್ಲಗೆ ಇಳಿಸುವುದಕ್ಕೂ ಸುಮ್ಮನೆ ಕೂಡುವುದಕ್ಕೂ ಹೊರಗಿನಿಂದ ನೋಡಿದರೆ ವ್ಯತ್ಯಾಸ ಕಾಣುವುದಿಲ್ಲ, ಅದರ ಲಾಭವನ್ನು ಊರು ಚೆನ್ನಾಗಿ ಪಡೆದುಕೊಂಡಿದೆ.

ಭಾಲ್ಕಿಯ ಒಬ್ಬ ಕಾಕಾನಂತೂ ಪೂರ್ತಿ ಲಾಭ ಪಡೆದ. ಹತ್ತೂವರೆ ಬಂದಿದ್ದ ಚೀಟಿ ನೋಡಿ ವೈದ್ಯರು, ಹೋದ ಸಲ ಕಣ್ಣಿನ ಪರದೆಯಲ್ಲಿ ಚುಕ್ಕೆ ಇದ್ದದ್ದನ್ನೂ ನೆನೆದು, “ಕಾಕಾ, ಮೂರು ತಿಂಗಳಿಗೆ ಒಂದೂವರೆ ಇಳಿದರೆ ಸಾಕು, ಅವಸರ ಬೇಡ” ಎಂದರು. ಕಾಕಾ ಬೆರಳು ಮಡಚಿ ಲೆಕ್ಕ ಹಾಕಿದ.

“ಡಾಕ್ಟರ್ ಸಾಹೇಬ್ರ, ಒಂದೂವರಿ ಇಳಸ್ಲಿಕ್ಕ ಒಂದು ತಿಂಗಳು ಸಾಕಲ್ರೀ. ಹಂಗಾರ ಮೊದಲ ಎರಡು ತಿಂಗಳು ಉಣ್ಣದು ಉಣ್ತೀನಿ, ಲಗ್ನದ ಸೀಜನ್ ಭಿ ಅದ. ಮೂರನೇ ತಿಂಗಳು ಕಡಕ್ ಪಥ್ಯ ಹಿಡೀತೀನಿ.”

ವೈದ್ಯರು ತಕ್ಷಣ ಬೈಯಲಿಲ್ಲ, ಕಾರಣ ಲೆಕ್ಕ ಪೂರ್ತಿ ತಪ್ಪಿರಲಿಲ್ಲ. ಮೂರು ತಿಂಗಳ ಟೆಸ್ಟ್ ಎಂದು ಹೆಸರಾದರೂ ಅದರ ಅಂಕಿಯಲ್ಲಿ ಹೆಚ್ಚುಕಡಿಮೆ ಅರ್ಧ ತೂಕ ಕೊನೆಯ ಒಂದು ತಿಂಗಳದ್ದೇ. ಲ್ಯಾಬಿನ ರಹಸ್ಯವನ್ನು ಕಾಕಾ ನಾಲ್ಕನೇ ಕ್ಲಾಸಿನ ಗಣಿತದಲ್ಲಿ ಒಡೆದಿದ್ದ.

“ಆಯ್ತು ಕಾಕಾ,” ಎಂದರು ವೈದ್ಯರು, “ಹಾಗಾದರೆ ಟೆಸ್ಟ್ ಎರಡನೇ ತಿಂಗಳ ಕೊನೆಗೆ ಮಾಡಿಸೋಣ.”

ಕಾಕಾ ಟೋಪಿ ಸರಿಮಾಡಿಕೊಂಡು, ಆ ಲ್ಯಾಬಿನವನ ಮಷೀನ್ ಸರಿಯಿಲ್ಲ ಎಂದ.